ಕೆಂಚಿ ನಿಂತ ಜಾಗ

"ಈ ಬಿಸ್ಲಲ್ಲಿ ನಾಯ್ಗಳ್ನ ಕಟ್ಕೊಂಡು ಎಲ್ಲಿಗ್ರಪ್ಪ ಒಂಟ್ರಿ?"

ಗೆಳೆಯನ ತಾಯಿ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾವೆಲ್ಲ ಅವರನ್ನು ಅವ್ವ ಅಂತಲೇ ಕರೆಯುವುದು. ಏಪ್ರಿಲ್ ಕೊನೆಯ ವಾರ. ಬೆಳಿಗ್ಗೆ ಒಂಬತ್ತು ದಾಟಿತ್ತು. "ಇಲ್ಲೇ ಅವ್ವ, ಮಧ್ಯಾಹ್ನ ಊಟಕ್ಕೆ ಬಂದ್ಬಿಡ್ತೀವಿ" ಅಂತ ಹೇಳಿ ನಾವು ನಾಲ್ಕೂ ಜನ ಚಪ್ಪಲಿ, ಶೂ ಮೆಟ್ಟಿಕೊಂಡು ಹೊರಟೆವು. ನಮಗೆ ಚಪ್ಪಲಿ ಇತ್ತು. ತಲೆಗೆ ಟೋಪಿ ಇತ್ತು. ಹೆಗಲಲ್ಲಿ ನೀರಿನ ಬಾಟಲಿ ಇತ್ತು. ನಮ್ಮ ಜೊತೆ ಹೊರಟ ಮೂರು ಜೀವಗಳಿಗೆ ಇದು ಯಾವುದೂ ಇರಲಿಲ್ಲ. ಅವ್ವ ಕೇಳಿದ್ದು ಅದನ್ನೇ. ಆಗ ಅದು ನನ್ನ ತಲೆಗೆ ಹೋಗಲಿಲ್ಲ.

ಊರು ಮದ್ದೂರು ತಾಲ್ಲೂಕಿನದು. ಆ ಮನೆಯ ಮಗ ಮತ್ತು ನಾನು ಮೈಸೂರಿನಲ್ಲಿ ಒಂದೇ ಹಾಸ್ಟೆಲಿನಲ್ಲಿದ್ದವರು. ಅವನನ್ನು ನಾವು ಗೌಡ ಅಂತ ಕರೆಯುತ್ತೇವೆ. ಓದು ಮುಗಿದ ಮೇಲೆ ಊರಿಗೇ ಬಂದು ಕಬ್ಬು, ತೆಂಗು, ಒಂದಿಷ್ಟು ಹಿಪ್ಪುನೇರಳೆ ನೋಡಿಕೊಂಡಿದ್ದಾನೆ. ಇನ್ನೊಬ್ಬ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಾನೆ, ಹಾಗಾಗಿ ಅವನು ನಮಗೂ ಮೇಷ್ಟ್ರೇ. ನಾಲ್ಕನೆಯವಳು ಬೆಂಗಳೂರಿನ ಗೆಳತಿ. ಬ್ಯಾಂಕಿನ ಕೆಲಸ, ಆರನೇ ಮಹಡಿಯಲ್ಲಿ ಮನೆ. ಪ್ರತಿ ಬೇಸಿಗೆ ಒಂದೆರಡು ದಿನ ಗೌಡನ ಮನೆಯಲ್ಲಿ ಸೇರುವುದು ನಮ್ಮ ರೂಢಿ. ಮಾವಿನಹಣ್ಣು, ಬಸ್ಸಾರು, ಮುದ್ದೆ, ರಾತ್ರಿ ಮಹಡಿ ಮೇಲೆ ಚಾಪೆ ಹಾಸಿಕೊಂಡು ಮಾತು. ಬೆಳಿಗ್ಗೆ ಎಲ್ಲಿಗಾದರೂ ಒಂದು ನಡಿಗೆ.

ಈ ವರ್ಷ ಗೆಳತಿ ತನ್ನ ಬ್ರೂನೊನನ್ನೂ ಕರೆದುಕೊಂಡು ಬಂದಿದ್ದಳು. ನಾಲ್ಕು ವರ್ಷದ ಲ್ಯಾಬ್ರಡಾರ್. 32 ಕಿಲೋ ತೂಕ. ಕಂಡವರನ್ನೆಲ್ಲ ತನ್ನವರು ಅಂದುಕೊಳ್ಳುವ ಸ್ವಭಾವ. ಗೌಡನ ಮನೆಯಲ್ಲಿ ಮೊದಲೇ ಇಬ್ಬರಿದ್ದರು. ಕೆಂಚಿ, ಮತ್ತು ಅವಳ ಮಗ ಕರಿಯ. ಕೆಂಚಿಗೆ ಒಂಬತ್ತೋ ಹತ್ತೋ ವರ್ಷ. ಮೈ ಒಣಗಿದ ಹುಲ್ಲಿನ ಬಣ್ಣ, ಮೂತಿಯ ಸುತ್ತ ಬಿಳಿ ಕೂದಲು. ಎಡ ಪಕ್ಕೆಯ ಮೇಲೆ ಕೂದಲು ಬೆಳೆಯದ ಉದ್ದನೆಯ ಗಾಯದ ಗುರುತು. ಅವಳನ್ನು ಯಾರೂ ಯಾವತ್ತೂ ಕಟ್ಟಿಲ್ಲ. ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸುವಾಗ ಮಾತ್ರ ಗೌಡ ಅವಳ ಕುತ್ತಿಗೆಗೆ ಹಗ್ಗ ಹಾಕುವುದು. ಆ ಲಸಿಕೆಯನ್ನು ಅವನು ಒಂದು ವರ್ಷವೂ ತಪ್ಪಿಸಿಲ್ಲ. ಊರ ನಾಯಿ ಸಾಕುವ ಎಲ್ಲರೂ ಇದೊಂದನ್ನು ಮಾಡಿದರೆ ಎಷ್ಟು ಜೀವ ಉಳಿಯುತ್ತವೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ನಾವು ಹೊರಟಿದ್ದು ಆತಗೂರಿಗೆ. ಅದು ಮೇಷ್ಟ್ರ ಆಸೆ. ಹಳಗನ್ನಡದಲ್ಲಿ ಅದು ಆತಕೂರು. ಅಲ್ಲಿ ಸಿಕ್ಕಿದ ಒಂದು ಶಾಸನದ ಬಗ್ಗೆ ಅವನು ಹಿಂದಿನ ರಾತ್ರಿಯಿಂದ ಹೇಳುತ್ತಲೇ ಇದ್ದ. ನಾಯಿಗೆ ನಿಲ್ಲಿಸಿದ ಕಲ್ಲು ಅದು. "ಜೊತೆಗೆ ನಾಯಿಗಳೂ ಇವೆ, ಇದಕ್ಕಿಂತ ಒಳ್ಳೆ ದಿನ ಯಾವುದು?" ಅಂದ. ಗೌಡನ ಊರಿನಿಂದ ಹೊಲಗಳ ನಡುವೆ ಬಂಡಿದಾರಿಯಲ್ಲಿ ಹೋದರೆ ಎರಡು ಗಂಟೆಯಲ್ಲಿ ತಲುಪುತ್ತೇವೆ ಅನ್ನುವುದು ನಮ್ಮ ಲೆಕ್ಕ. ಮನುಷ್ಯರ ಕಾಲಿನ ಲೆಕ್ಕ.

ಮೊದಲ ಅರ್ಧ ಗಂಟೆ ತುಂಬಾ ಚೆನ್ನಾಗಿತ್ತು. ಊರಾಚೆ ಸಾಲು ಹೊಂಗೆ ಮರಗಳಿವೆ. ಬೇಸಿಗೆಯಲ್ಲಿ ಬೇರೆ ಮರಗಳೆಲ್ಲ ಬಡವಾಗಿ ನಿಂತಾಗ ಹೊಂಗೆ ಮಾತ್ರ ಹಸಿರು ತುಂಬಿಕೊಂಡು ಹೂ ಬಿಡುತ್ತದೆ. ನೆಲದ ಮೇಲೆ ತಿಳಿ ನೇರಳೆ, ಬಿಳಿ ಬಣ್ಣದ ಹೂವು ಪುರಿ ಚೆಲ್ಲಿದ ಹಾಗೆ ಬಿದ್ದಿತ್ತು. ಕರಿಯ ಮುಂದೆ ಓಡುವುದು, ನಾವು ಬರುತ್ತಿದ್ದೇವಾ ಅಂತ ವಾಪಸ್ ಬಂದು ನೋಡುವುದು, ಮತ್ತೆ ಓಡುವುದು. ನಾವು ಒಂದು ಮೈಲಿ ನಡೆದರೆ ಅವನು ಮೂರು ಮೈಲಿ ನಡೆದಿರುತ್ತಾನೆ. ಬ್ರೂನೊ ಬೆಲ್ಟಿನ ತುದಿಯಲ್ಲಿ ಗೆಳತಿಯನ್ನೇ ಎಳೆದುಕೊಂಡು ಹೋಗುತ್ತಿದ್ದ. ಅವನಿಗೆ ಎಲ್ಲವೂ ಹೊಸದು. ಸಗಣಿ ಹೊಸದು, ಕಬ್ಬಿನ ಸೋಗೆ ಹೊಸದು, ಬೇಲಿಯೊಳಗಿಂದ ಪುರ್ರನೆ ಎದ್ದ ಗೌಜಲಹಕ್ಕಿಯಂತೂ ಅವನ ಜೀವಮಾನದ ದೊಡ್ಡ ಸಂಗತಿ.

ಕೆಂಚಿ ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು. ಅವಳು ದಾರಿಯ ನಡುವೆ ನಡೆಯುತ್ತಿರಲಿಲ್ಲ. ನೆರಳು ಎಡಕ್ಕಿದ್ದರೆ ಎಡಕ್ಕೆ, ಬಲಕ್ಕಿದ್ದರೆ ಬಲಕ್ಕೆ. ನೆರಳು ಮುಗಿದು ಬಿಸಿಲು ಶುರುವಾಗುವ ಕಡೆ ಒಂದು ಕ್ಷಣ ನಿಂತು, ಆಮೇಲೆ ಬೇಗ ಬೇಗ ಹೆಜ್ಜೆ ಹಾಕಿ ಮುಂದಿನ ನೆರಳಿಗೆ ಸೇರಿಕೊಳ್ಳುತ್ತಿದ್ದಳು. ಒಂದು ಕಬ್ಬಿನ ಗದ್ದೆಯ ಮೂಲೆಯಲ್ಲಿ ಅವಳ ಬೆನ್ನ ಮೇಲಿನ ಕೂದಲು ನಿಮಿರಿತು. ಮೂಗು ನೆಲಕ್ಕೆ ಹಚ್ಚಿದವಳು ತಲೆ ಎತ್ತಲೇ ಇಲ್ಲ. ಗೌಡ ಮೆಲ್ಲಗೆ, "ಹೋದ ತಿಂಗಳು ಇಲ್ಲೇ ಚಿರತೆ ಹೆಜ್ಜೆ ಕಂಡಿದ್ವು" ಅಂದ. ಮಂಡ್ಯದ ಕಡೆ ಕಬ್ಬಿನ ಗದ್ದೆಯೊಳಗೆ ಚಿರತೆ ಮರಿ ಹಾಕುವುದು ಈಗ ಸುದ್ದಿಯೇ ಅಲ್ಲ. ಊರ ನಾಯಿಯನ್ನು ರಾತ್ರಿ ಹೊತ್ತುಕೊಂಡು ಹೋಗುವುದೂ ಅಷ್ಟೇ. ನಮ್ಮ ಕಣ್ಣಿಗೆ ಅದು ಬರೀ ಗದ್ದೆಯ ಮೂಲೆ. ಅವಳಿಗೆ ಅಲ್ಲಿ ಏನೇನು ಇತ್ತೋ.

ಆಮೇಲೆ ಬಂಡಿದಾರಿ ಮುಗಿದು ಸಿಮೆಂಟ್ ರಸ್ತೆ ಬಂತು. ರಸ್ತೆ ಅಗಲ ಮಾಡುವಾಗ ಎರಡೂ ಬದಿಯ ಮರ ತೆಗೆದಿದ್ದಾರೆ. ಒಂದು ಕಿಲೋಮೀಟರಿಗೆ ಒಂದು ಜಾಲಿ ಮರವೂ ಇಲ್ಲ. ನಾವು ಮಾತಿನಲ್ಲಿ ಮುಳುಗಿದ್ದೆವು. ಮೇಷ್ಟ್ರು ಶಾಸನದ ಭಾಷೆಯ ಬಗ್ಗೆ ಏನೋ ಹೇಳುತ್ತಿದ್ದ, ನಾನು ಏನೋ ಕೇಳುತ್ತಿದ್ದೆ. ಗಂಟೆ ಹತ್ತೂವರೆ. ಗೆಳತಿ, "ಬ್ರೂನೊ ಎಳೀತಿಲ್ಲ" ಅಂದಳು. ಅಷ್ಟು ಹೊತ್ತು ಎಳೆಯುತ್ತಿದ್ದ ಬೆಲ್ಟು ಸಡಿಲವಾಗಿತ್ತು. ಸುಸ್ತಾಗಿರಬೇಕು ಅಂದುಕೊಂಡೆವು. ಇನ್ನೂ ಇನ್ನೂರು ಹೆಜ್ಜೆ ನಡೆಸಿದೆವು. ಆ ಇನ್ನೂರು ಹೆಜ್ಜೆ ಇವತ್ತಿಗೂ ನನಗೆ ಚುಚ್ಚುತ್ತದೆ.

ಅವನು ಒಂದು ಬದಿಗೆ ವಾಲಿದ. ಹಿಂಗಾಲು ಮಡಚಿ ಕೂತ, ಹಾಗೇ ಮಲಗಿದ. ನಾಲಿಗೆ ಅಗಲವಾಗಿ ಜೋತು ಬಿದ್ದಿತ್ತು. ಜೊಲ್ಲು ಅಂಟಿನ ಹಾಗೆ ದಪ್ಪ ಆಗಿತ್ತು. ಒಸಡು ಕೆಂಪು ಕೆಂಪು. ಗೆಳತಿ ಅಂಗೈಯಲ್ಲಿ ನೀರು ಹಿಡಿದು ಬಾಯಿಗೆ ಇಟ್ಟರೆ ಕುಡಿಯಲಿಲ್ಲ. ಕಣ್ಣು ನಮ್ಮ ಕಡೆ ಇತ್ತು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ. ನಾನು ರಸ್ತೆಯ ಮೇಲೆ ಕೈ ಊರಿದೆ. ಐದು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾಯಿತು. ಅವನು ಅದರ ಮೇಲೆ ಬರಿಗಾಲಲ್ಲಿ ನಡೆದು ಬಂದಿದ್ದ.

ಆಗ ಕೆಂಚಿ ರಸ್ತೆ ಇಳಿದಳು. ಒಂದು ಸಲ ತಿರುಗಿ ನೋಡಿ, ಬೇಲಿಯ ಸಂದಿಯಲ್ಲಿ ನುಸುಳಿ ಹಿಪ್ಪುನೇರಳೆ ತೋಟದೊಳಗೆ ಹೋದಳು. ಕರಿಯ ಅವಳ ಹಿಂದೆ. "ನೀರಿಗೆ ಹೋಗ್ತಾವಳೆ" ಅಂದವನೇ ಗೌಡ ಬ್ರೂನೊನನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡ, ಕುರಿ ಹೊತ್ತ ಹಾಗೆ. ತೋಟದ ಆ ಕೊನೆಯಲ್ಲಿ ಪಂಪ್‌ಹೌಸ್, ಅದರ ಪಕ್ಕ ಸಿಮೆಂಟಿನ ತೊಟ್ಟಿ, ತೊಟ್ಟಿಗೆ ಬಾಗಿಕೊಂಡ ದೊಡ್ಡ ಹೊಂಗೆ ಮರ. ರಸ್ತೆಯಿಂದ ಇದು ಯಾವುದೂ ಕಾಣುತ್ತಿರಲಿಲ್ಲ. ನಾವು ಅಲ್ಲಿಗೆ ಬಂದಾಗ ಕೆಂಚಿ ತೊಟ್ಟಿಯಿಂದ ನೀರು ಹರಿಯುವ ಕಾಲುವೆಯ ಒದ್ದೆ ಮಣ್ಣನ್ನು ಕೆರೆದು, ಹಳ್ಳ ಮಾಡಿ, ಹೊಟ್ಟೆ ನೆಲಕ್ಕೆ ಒತ್ತಿ ಮಲಗಿಯಾಗಿತ್ತು.

ಗೆಳತಿ ಬೆಂಗಳೂರಿನ ಪಶುವೈದ್ಯರಿಗೆ ಫೋನ್ ಮಾಡಿದಳು. ಅವರು ಹೇಳಿದ್ದನ್ನು ಇಲ್ಲಿ ಬರೆದಿಡುತ್ತೇನೆ, ಯಾರಿಗಾದರೂ ಬೇಕಾಗಬಹುದು. ಮೊದಲು ನೆರಳಿಗೆ ತನ್ನಿ. ತಣ್ಣಗಿನ ನೀರು ಸುರಿಯಿರಿ, ಹೊಟ್ಟೆ, ತೊಡೆಸಂದಿ, ಪಾದ, ಕುತ್ತಿಗೆಗೆ. ಐಸ್ ಬೇಡ. ಐಸ್ ಇಟ್ಟರೆ ಚರ್ಮದ ರಕ್ತನಾಳ ಕುಗ್ಗಿ ಒಳಗಿನ ಶಾಖ ಒಳಗೇ ಉಳಿಯಬಹುದು. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದೇ ಕಂಬಳಿ ಆಗಿಬಿಡುತ್ತದೆ. ನೀರು ಹಾಕುತ್ತಾ ಗಾಳಿ ಬೀಸಿ. ಬಲವಂತವಾಗಿ ಬಾಯಿಗೆ ನೀರು ಹಾಕಬೇಡಿ, ತಾನಾಗಿ ಕುಡಿದರೆ ಸ್ವಲ್ಪ ಸ್ವಲ್ಪ ಕೊಡಿ. ಎದ್ದು ಓಡಾಡಿದರೂ ಡಾಕ್ಟರಿಗೆ ತೋರಿಸಲೇಬೇಕು.

ಗೌಡ ಬಕೆಟಿನಲ್ಲಿ ಮೊಗೆದು ಸುರಿದ. ನಾನು ಪಾದ ತೊಳೆದೆ. ಮುಂಗಾಲಿನ ಮೆತ್ತೆಯಲ್ಲಿ ಎರಡು ನೆಗ್ಗಿಲು ಮುಳ್ಳು ಸಿಕ್ಕಿದವು, ಒಂದು ಕಡೆ ಚರ್ಮ ಸುಲಿದಿತ್ತು. ಮೇಷ್ಟ್ರು ತನ್ನ ಟವೆಲಿನಿಂದ ಗಾಳಿ ಬೀಸುತ್ತಲೇ ಇದ್ದ, ಒಂದೂ ಮಾತಿಲ್ಲದೆ. ಅರ್ಧ ಗಂಟೆಯ ಮೇಲೆ ಬ್ರೂನೊ ತಲೆ ಎತ್ತಿದ. ತೊಟ್ಟಿಯ ಕಡೆ ನೋಡಿದ. ಎದ್ದು, ತೂರಾಡುತ್ತಾ ಹೋಗಿ ಕೆಂಚಿಯ ಪಕ್ಕದ ಕೆಸರಿನಲ್ಲಿ ಹೊಟ್ಟೆ ಊರಿ ಮಲಗಿದ. ಗೆಳತಿ ಆಗ ಅತ್ತಳು.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬೆವರುವುದೇನಿದ್ದರೂ ಮುಖ್ಯವಾಗಿ ಪಾದದ ಮೆತ್ತೆಯಲ್ಲಿ, ಅದೂ ಸ್ವಲ್ಪ. ಅದಕ್ಕೆ ಇರುವ ಮುಖ್ಯ ದಾರಿ ಏದುವುದು. ನಾಲಿಗೆ, ಗಂಟಲಿನ ತೇವ ಆರಿ ಮೈ ತಣ್ಣಗಾಗಬೇಕು. ನಾಯಿಯ ಮೈಯ ಶಾಖ ಸಹಜವಾಗಿಯೇ 101 ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಮಗಿಂತ ಜಾಸ್ತಿ. 104 ದಾಟಿದರೆ ಅಪಾಯ ಶುರು. ಅದೂ ಅಲ್ಲದೆ ಲ್ಯಾಬ್ರಡಾರ್ ಜಾತಿಯ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆಯ ಚಳಿ ಸಮುದ್ರ. ಮೀನುಗಾರರ ಜೊತೆ ತಣ್ಣೀರಿನಲ್ಲಿ ಕೆಲಸ ಮಾಡಿಕೊಂಡಿದ್ದ ನಾಯಿಗಳ ವಂಶ. ಮೈಮೇಲೆ ಎರಡು ಪದರದ ಕೂದಲು. ಅಂಥ ಕಂಬಳಿ ಹೊದ್ದವನನ್ನು ನಾವು ಮಂಡ್ಯದ ಏಪ್ರಿಲ್ ಬಿಸಿಲಿಗೆ ಇಳಿಸಿದ್ದೆವು. ಊರ ನಾಯಿಗೆ ಬಿಸಿಲು ತಟ್ಟುವುದಿಲ್ಲ ಅಂತಲೂ ಅಲ್ಲ. ಕೆಂಚಿಯೂ ಏದುತ್ತಿದ್ದಳು. ಆದರೆ ಅವಳಿಗೆ ಬೆಲ್ಟು ಇರಲಿಲ್ಲ. ನಿಲ್ಲಬೇಕು ಅನ್ನಿಸಿದಾಗ ನಿಂತಳು. ಬ್ರೂನೊ ನಮ್ಮನ್ನು ನಂಬಿಕೊಂಡು ನಡೆದ.

ತೋಟದ ಯಜಮಾನರು ಬಂದರು. ಎಪ್ಪತ್ತು ದಾಟಿದ ಹಿರಿಯರು, ಹೆಗಲ ಮೇಲೆ ಟವೆಲು. ಕೇಳದೆ ಒಳಗೆ ಬಂದಿದ್ದಕ್ಕೆ, ಅರ್ಧ ತೊಟ್ಟಿ ನೀರು ಚೆಲ್ಲಿದ್ದಕ್ಕೆ ನಾವು ತಪ್ಪಾಯಿತು ಅಂದೆವು. "ಜೀವ್ಕಿಂತ ನೀರ್ ಎಚ್ಚಾ? ಸಾಯಂಕಾಲ ತ್ರೀ ಫೇಸ್ ಕರೆಂಟ್ ಬತ್ತದೆ, ತುಂಬ್ಕತದೆ" ಅಂದರು. ಮನೆಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ತಂದರು. ನಮಗೆ ಕೊಡುವ ಮೊದಲು ಒಂದು ಕರಟದಲ್ಲಿ ಹಾಕಿ ಕೆಂಚಿಯ ಮುಂದೆ ಇಟ್ಟರು.

ಬಿಸಿಲು ಇಳಿಯುವ ತನಕ ಅಲ್ಲಿಂದ ಏಳುವ ಹಾಗಿರಲಿಲ್ಲ. ಗೌಡ ಯಾರದೋ ಬೈಕಿನಲ್ಲಿ ಹೋಗಿ ಹತ್ತಿರದ ಪಶುವೈದ್ಯರನ್ನು ಕರೆತಂದ. ಅವರು ಪರೀಕ್ಷೆ ಮಾಡಿ, ಡ್ರಿಪ್ ಕೊಟ್ಟು, ಇನ್ನು ಭಯವಿಲ್ಲ, ಇವತ್ತೆಲ್ಲ ನೆರಳಲ್ಲೇ ಇರಲಿ ಅಂದು ಹೋದರು. ಹಾಗೆ ಐದು ಗಂಟೆಗಳ ಕಾಲ ನಾವು ಆ ಹೊಂಗೆ ಮರದ ಕೆಳಗೆ ಕೂತೆವು. ಮೂರು ನಾಯಿ, ನಾಲ್ಕು ಜನ, ಜೊತೆಗೆ ಆ ಹಿರಿಯರು. ಮೇಲಿಂದ ಹೂವು ಒಂದೊಂದೇ ಬೀಳುತ್ತಿತ್ತು. ಬ್ರೂನೊನ ಬೆನ್ನ ಮೇಲೆ ಬಿದ್ದದ್ದನ್ನು ಯಾರೂ ತೆಗೆಯಲಿಲ್ಲ.

ಆ ಮಧ್ಯಾಹ್ನ ಮೇಷ್ಟ್ರು ಆತಕೂರಿನ ಕಲ್ಲಿನ ಕಥೆ ಪೂರ್ತಿ ಹೇಳಿದ. ಈ ಸಲ ಪಾಠದ ಹಾಗೆ ಇರಲಿಲ್ಲ.

ಕ್ರಿ.ಶ. 949ರ ಸುಮಾರಿನ ಮಾತು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ದೊಡ್ಡ ಯುದ್ಧ ನಡೆಯಿತು. ಈಗ ಆ ಊರು ತಮಿಳುನಾಡಿನಲ್ಲಿದೆ. ಕೃಷ್ಣನ ಕಡೆ ಗಂಗರ ಬೂತುಗ ಇದ್ದ. ಚೋಳರ ರಾಜಾದಿತ್ಯ ಆ ಯುದ್ಧದಲ್ಲಿ ಸತ್ತ. ಬೂತುಗನ ಜೊತೆ ಹೋರಾಡಿದ ವೀರ ಮಣಲೆರ. ಅವನ ಶೌರ್ಯಕ್ಕೆ ಮೆಚ್ಚಿ, ಏನು ಬೇಕೋ ಬೇಡಿಕೋ ಅಂದರು. ಊರು ಕೇಳಬಹುದಿತ್ತು. ಹೊನ್ನು ಕೇಳಬಹುದಿತ್ತು. ಅವನು ಕಾಳಿ ಅನ್ನುವ ನಾಯಿಯನ್ನು ಕೇಳಿದ.

ಆ ಕಾಳಿಯನ್ನು ಮುಂದೆ ಕೇಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಎರಡೂ ಸತ್ತವು. ಆ ಕಾಳಿಗಾಗಿ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದರು. ಭೂಮಿಯನ್ನೂ ಬಿಟ್ಟರು. ಅಲ್ಲಿನ ಪೂಜೆಯ ಹೊಣೆ ಹೊತ್ತ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ ತಗಲುತ್ತದೆ ಅಂತ ಬರೆಸಿದರು. ಒಂದು ಯುದ್ಧದ ಇತಿಹಾಸಕ್ಕೆ ವಿದ್ವಾಂಸರು ಆಧಾರವಾಗಿ ಹಿಡಿಯುವ ಕಲ್ಲು ಅದು. ಆದರೆ ಆ ಕಲ್ಲು ಹುಟ್ಟಿದ್ದು ಒಂದು ನಾಯಿಗಾಗಿ.

ಹಿರಿಯರು ಕೇಳುತ್ತಾ ಕೂತಿದ್ದರು. ರಾಜರ ಹೆಸರು ಬಂದಾಗ ಸುಮ್ಮನಿದ್ದರು. ಮೊರಡಿ ಅನ್ನುವ ಮಾತು ಬಂದಾಗ ಕಲ್ಲುಗುಡ್ಡವೊಂದರ ಕಡೆ ಕೈ ತೋರಿಸಿ, "ನಾವೂ ಅದ್ನ ಮರಡಿ ಅಂತೀವಿ" ಅಂದರು. ಕಥೆ ಮುಗಿದ ಮೇಲೆ ಅವರು ಕೇಳಿದ್ದು ಒಂದೇ.

"ನಾಯಿ ಎಸ್ರೇನಂದ್ರಿ?"

"ಕಾಳಿ."

"ಕಾಳಿ" ಅಂತ ಅವರೂ ಒಂದು ಸಲ ಅಂದುಕೊಂಡರು. ಆಮೇಲೆ, "ಅಂದಿ ಈಗ್ಲೂ ಅವೆ ಸ್ವಾಮಿ. ಕಬ್ಬಿಗೆ ನುಗ್ಗುದ್ರೆ ಒಂದೇ ರಾತ್ರಿಗೆ ಅರ್ಧ ಎಕ್ರೆ ಮಲಗಿಸ್ಬುಡ್ತವೆ" ಅಂದರು. ಗೌಡ ಕೆಂಚಿಯ ಎಡ ಪಕ್ಕೆಯ ಗುರುತಿನ ಮೇಲೆ ಕೈ ಆಡಿಸಿದ. ನಾಲ್ಕು ವರ್ಷದ ಹಿಂದೆ ರಾತ್ರಿ ಗದ್ದೆ ಕಾಯುವಾಗ ಆದ ಗಾಯ ಅದು. ಅವನ ಅಪ್ಪ ಬ್ಯಾಟರಿ ಹಿಡಿದು ಗದ್ದೆ ಬದುವಿನಲ್ಲಿ ಹೋಗುತ್ತಿದ್ದರಂತೆ. ಹಂದಿ ಎದುರಿಗೆ ಬಂತು. ಕೆಂಚಿ ನಡುವೆ ನುಗ್ಗಿದಳು. ಅವಳ ಪಕ್ಕೆ ಸೀಳಿದ್ದನ್ನು ಹೊಲಿಸಿಕೊಂಡು ಬಂದು, ಒಂದು ತಿಂಗಳು ಅವ್ವ ಅಡುಗೆಮನೆಯ ಮೂಲೆಯಲ್ಲಿ ಗೋಣಿಚೀಲ ಹಾಸಿ ಮಲಗಿಸಿದ್ದರಂತೆ. ಇಷ್ಟು ವರ್ಷ ಆ ಮನೆಗೆ ಬಂದು ಹೋಗುತ್ತಿದ್ದೇನೆ. ಆ ಗುರುತು ಏನು ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

ಮೇಷ್ಟ್ರು ಶಾಸನದ ಒಂದು ಸಾಲು ಹೇಳಿದ. "ಪಂದಿಯುಂ ನಾಯುಮೊಡಸತ್ತುವು." ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಒಡಸತ್ತುವು. ಆ "ಒಡ" ಅನ್ನುವುದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ನಾವು ಈಗಲೂ ಬಳಸುವ ಮಾತು ಅದು, ಅಲ್ವಾ? ಒಡನಾಟ. ಒಡನಾಡಿ. ಒಡಹುಟ್ಟಿದವರು. ಜೊತೆಗೆ ಇರುವುದು, ಜೊತೆಗೆ ಆಡುವುದು, ಜೊತೆಗೆ ಹುಟ್ಟುವುದು. ಕೊಂದ ಹಂದಿಯನ್ನೂ ಸತ್ತ ನಾಯಿಯನ್ನೂ ಆ ಕಲ್ಲು ಒಂದೇ ಮಾತಿನಲ್ಲಿ ಕಟ್ಟಿದೆ.

ನಾವು ಬೆಳಿಗ್ಗೆ ನಾಯಿಗಳ ಒಡನೆ ಹೊರಟಿದ್ದೆವಾ? ನನಗೆ ಹಾಗೆ ಅನ್ನಿಸುವುದಿಲ್ಲ. ಅವ್ವ ಬಳಸಿದ ಮಾತೇ ಸರಿ. ನಾಯಿಗಳನ್ನು ಕಟ್ಟಿಕೊಂಡು ಹೊರಟಿದ್ದೆವು. ಎಲ್ಲಿಗೆ ಅನ್ನುವುದು ನಮ್ಮದು, ಎಷ್ಟು ಹೊತ್ತಿಗೆ ಅನ್ನುವುದು ನಮ್ಮದು, ಎಷ್ಟು ಬೇಗ ಅನ್ನುವುದೂ ನಮ್ಮದು. ಚಿಕ್ಕ ಮಗುವನ್ನು ಕರೆದುಕೊಂಡು ಹೊರಟಿದ್ದರೆ ಹತ್ತು ಸಲ ಯೋಚನೆ ಮಾಡುತ್ತಿದ್ದೆವು. ವಯಸ್ಸಾದ ತಾಯಿಯ ಜೊತೆ ಹೊರಟಿದ್ದರೆ ಅವರ ಮೊಣಕಾಲಿನ ಲೆಕ್ಕದಲ್ಲಿ ದಾರಿ ಅಳೆಯುತ್ತಿದ್ದೆವು. ಬ್ರೂನೊ ಬಾಲ ಆಡಿಸಿದ ಅನ್ನುವುದಷ್ಟೇ ನಮಗೆ ಸಾಕಾಗಿತ್ತು. ಬಾಯಿ ಇಲ್ಲದವನ ಖುಷಿಯನ್ನು ನಾವು ಒಪ್ಪಿಗೆ ಅಂದುಕೊಂಡೆವು.

ಆತಗೂರು ಆ ದಿನ ಆಗಲಿಲ್ಲ. ನಾಲ್ಕೂವರೆಗೆ ಒಂದು ಗೂಡ್ಸ್ ಆಟೋ ಕರೆಸಿ ಎಲ್ಲರೂ ವಾಪಸ್ ಹೋದೆವು. ಕೆಂಚಿ ಆಟೋ ಹತ್ತಲಿಲ್ಲ. ತೋಟದೊಳಗಿಂದಲೇ ಹೋಗಿ ನಮಗಿಂತ ಮೊದಲು ಮನೆಯಲ್ಲಿದ್ದಳು. ಅವ್ವ ಏನೂ ಕೇಳಲಿಲ್ಲ. ಬ್ರೂನೊನ ಪಾದ ನೋಡಿ, ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಲು ಎದ್ದರು. ಡಾಕ್ಟರು ಮುಲಾಮು ಕೊಟ್ಟಿದ್ದಾರೆ ಅಂದ ಮೇಲೆ, "ಸರಿ ಅದ್ನೇ ಅಚ್ಚಿ" ಅಂದು ಪಕ್ಕದಲ್ಲೇ ಕೂತರು. ರಾತ್ರಿ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಮೂರು ತಟ್ಟೆಗೆ ಹಾಕಿದರು. ಬೆಂಗಳೂರಿನಲ್ಲಿ ಪ್ಯಾಕೆಟ್ ಊಟ ಮಾತ್ರ ತಿನ್ನುವ ಬ್ರೂನೊ ತಟ್ಟೆ ನೆಕ್ಕಿ, ಕರಿಯನ ತಟ್ಟೆಯ ಕಡೆ ನೋಡಿದ.

ಬೆಂಗಳೂರಿಗೆ ಬಂದ ಮೇಲೆ ನನಗೆ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ನೆನಪಾಗುತ್ತಲೇ ಇತ್ತು. ಆತಕೂರಿನ ಕಲ್ಲು ಇರುವುದು ಅಲ್ಲಿ. ಶಾಲೆಯಿಂದ ಕರೆದುಕೊಂಡು ಹೋಗಿದ್ದಾಗ ಆ ಕಲ್ಲಿನ ಮುಂದೆ ಹಾದು ಹೋಗಿದ್ದೇನೆ. ನಾಯಿಯೂ ಹಂದಿಯೂ ಎದುರುಬದುರು ಕಾದಾಡುವುದನ್ನು ಅದರ ಮೇಲೆ ಕೆತ್ತಿದ್ದಾರೆ, ಸುತ್ತ ಹಳಗನ್ನಡದ ಅಕ್ಷರ. ಹನ್ನೊಂದು ವರ್ಷದ ಹುಡುಗನಿಗೆ ಅದು ಸಾಲಿನಲ್ಲಿ ನಿಂತ ಕಲ್ಲುಗಳಲ್ಲಿ ಒಂದು ಕಲ್ಲು. ನಮ್ಮ ನಾಯಿ ಅಂದ ಕೂಡಲೇ ಎಲ್ಲರಿಗೂ ಮುಧೋಳ ನೆನಪಾಗುತ್ತದೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು, ಸೈನ್ಯವೂ ಆ ತಳಿಯ ಮರಿಗಳನ್ನು ತೆಗೆದುಕೊಂಡಿದೆ. ಒಳ್ಳೆಯದೇ. ಆದರೆ ಕಾಳಿ ಯಾವ ತಳಿ ಅಂತ ಕಲ್ಲಿನಲ್ಲಿ ಬರೆದಿಲ್ಲ. ಹೆಸರು ಬರೆದಿದ್ದಾರೆ. ಏನು ಮಾಡಿತು ಅಂತ ಬರೆದಿದ್ದಾರೆ. ನನಗೆ ಅದು ತುಂಬಾ ಇಷ್ಟವಾಗುತ್ತದೆ.

ಹದಿನೈದು ದಿನ ಬಿಟ್ಟು ನಾವು ಮತ್ತೆ ಗೌಡನ ಊರಲ್ಲಿ ಸೇರಿದೆವು. ಅಷ್ಟರಲ್ಲಿ ಭರಣಿ ಮಳೆ ಎರಡು ಸಲ ಚೆನ್ನಾಗಿ ಬಿದ್ದಿತ್ತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಅವ್ವ ಹೇಳುತ್ತಿರುತ್ತಾರೆ. ಹೊಲಗಳಲ್ಲಿ ನೇಗಿಲ ಸಾಲು ಎದ್ದಿತ್ತು. ಕೆಲವು ಕಡೆ ಎಳ್ಳು, ಅಲಸಂದೆ ಹಾಕಿಯಾಗಿತ್ತು. ಬ್ರೂನೊನ ಪಾದ ಪೂರ್ತಿ ವಾಸಿಯಾಗಿತ್ತು. ಅವನನ್ನು ಕರೆತರಬೇಕಾ ಬೇಡವಾ ಅಂತ ಗೆಳತಿ ಬಹಳ ಯೋಚಿಸಿ, ಡಾಕ್ಟರನ್ನು ಕೇಳಿಯೇ ತಂದಿದ್ದಳು.

ಈ ಸಲ ಹೊರಟಿದ್ದು ಐದು ಗಂಟೆಗೆ. ಕತ್ತಲು ಇನ್ನೂ ಪೂರ್ತಿ ಹೋಗಿರಲಿಲ್ಲ. ಗೆಳತಿಯ ಚೀಲದಲ್ಲಿ ನೀರು, ಅಗಲ ಬಾಯಿಯ ಒಂದು ಸ್ಟೀಲ್ ಬಟ್ಟಲು. ಸಿಮೆಂಟ್ ರಸ್ತೆ ಬಿಟ್ಟು, ಬದುವಿನ ಮೇಲೆ ಸುತ್ತು ದಾರಿ ಹಿಡಿದೆವು. ಮೇಷ್ಟ್ರು ಮಾತಾಡಲಿಲ್ಲ. ಯಾರೂ ಹೆಚ್ಚು ಮಾತಾಡಲಿಲ್ಲ. ಮಾತಿಲ್ಲದೆ ನಡೆದರೆ ನಾಯಿಗಳ ಉಸಿರು ಕೇಳುತ್ತದೆ. ಮೂವರ ಉಸಿರೂ ಬೇರೆ ಬೇರೆ. ಬ್ರೂನೊನದು ಗಟ್ಟಿ, ಕರಿಯನದು ಚುರುಕು, ಕೆಂಚಿಯದು ಹತ್ತಿರ ಬಂದರೆ ಮಾತ್ರ ಕೇಳುವಷ್ಟು. ಬ್ರೂನೊ ನಿಂತಾಗಲೆಲ್ಲ ನಿಂತೆವು. ಒಂದು ಹುತ್ತದ ಬಳಿ ಐದು ನಿಮಿಷ ನಿಂತಿದ್ದ. ಆ ಐದು ನಿಮಿಷದಲ್ಲಿ ಎದುರಿನ ಹೊಲದಲ್ಲಿ ಎರಡು ನವಿಲು ಇಳಿದವು. ಕೆಂಪು ಮಣ್ಣಿನ ಮೇಲೆ ಬೆಳಕು ಬಿತ್ತು. ಮಳೆ ನೀರು ನಿಂತ ಒಂದು ಗುಂಡಿಯಲ್ಲಿ ಮೂವರೂ ತಲೆ ಸೇರಿಸಿ ನೀರು ಕುಡಿದರು, ನಮ್ಮ ಸ್ಟೀಲ್ ಬಟ್ಟಲು ಹಾಗೇ ಉಳಿಯಿತು.

ಆತಗೂರಿನ ಕಡೆಯ ದಾರಿಯಲ್ಲಿ ಒಂದು ಮೋರಿ ಸಿಗುತ್ತದೆ. ಕೆಳಗೆ ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳ. ಅಲ್ಲಿಗೆ ಬಂದ ಕೂಡಲೇ ಕೆಂಚಿ ನಿಂತಳು. ನಾವೂ ನಿಂತೆವು. ನೀರು ಬೇಕೇನೋ ಅಂತ ಗೆಳತಿ ಬಟ್ಟಲು ಇಟ್ಟಳು. ಮೂಸಿಯೂ ನೋಡಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿದೆಯಾ ಅಂತ ನಾನು ಪಾದ ಎತ್ತಿ ನೋಡಿದೆ. ಮುಳ್ಳಿರಲಿಲ್ಲ, ಬೆರಳ ಸಂದಿಯಲ್ಲಿ ಒಂದು ಉಣ್ಣಿ ಹುಳ ಇತ್ತು, ತೆಗೆದೆ. ಅವಳು ಮೋರಿಯ ಕಟ್ಟೆಯ ಪಕ್ಕ ಕೂತಳು.

"ಅವ್ಳು ಇಲ್ಲಿಂದಾಚೆಗೆ ಬರಲ್ಲ" ಅಂದ ಗೌಡ. "ಇದು ಅವಳ ಗಡಿ. ಮುಂದೆ ಬೇರೆ ನಾಯಿಗಳ ಊರು."

ಹಾಗಾದರೆ ವಾಪಸ್ ಹೋಗೋಣವಾ ಅಂತ ನಾನು ಕೇಳಿದೆ. ಗೌಡ ಸ್ವಲ್ಪ ಹೊತ್ತು ಅವಳನ್ನೇ ನೋಡಿ, "ಬೇಡ. ಕಾಯ್ತಾಳೆ" ಅಂದ.

ನಾವು ಹೋಗಿ ಬಂದೆವು. ಹೊತ್ತು ಏಳಾಗಿತ್ತು, ಡೈರಿಯ ಮುಂದೆ ಹಾಲಿನ ಕ್ಯಾನ್ ಹಿಡಿದು ಜನ ನಿಂತಿದ್ದರು. ಯಾರ ಮನೆಗೆ ಬಂದಿರಿ ಅಂತ ಕೇಳಿದರು. ಮೇಷ್ಟ್ರು ಕಲ್ಲಿನ ವಿಷಯ ಎತ್ತಿದ್ದಕ್ಕೆ, "ಅದು ಬೆಂಗ್ಳೂರ್ಗೋಯ್ತಲ್ಲ" ಅಂದರು. ಆ ಊರಿನ ನಾಯಿಗಳು ನಾಲ್ಕು ದಿಕ್ಕಿನಿಂದ ಬೊಗಳಿದವು. ಅಷ್ಟು ಹೊತ್ತು ಮುಂದೆ ಓಡುತ್ತಿದ್ದ ಕರಿಯ ಬಾಲ ಮುದುರಿಕೊಂಡು ಗೌಡನ ಕಾಲಿನ ನಡುವೆ ಬಂದ. ಮೇಷ್ಟ್ರು ಒಂದು ಕಡೆ ನಿಂತು ಸುತ್ತಲೂ ನೋಡಿದ. ಏನು ನೋಡಿದ ಅಂತ ಹೇಳಲಿಲ್ಲ, ನಾವೂ ಕೇಳಲಿಲ್ಲ. ಬಿಸಿಲು ಏರುವ ಮುಂಚೆ ಹೊರಡಬೇಕಿತ್ತು.

ತಿರುವು ದಾಟಿದಾಗ ಮೋರಿ ಕಂಡಿತು. ಕೆಂಚಿ ಅದೇ ಜಾಗದಲ್ಲಿದ್ದಳು. ಅಷ್ಟರಲ್ಲಿ ಬಿಸಿಲು ಅವಳ ಮೇಲೆ ಬಂದಿತ್ತು, ಕಟ್ಟೆಯ ಆ ಕಡೆ ನೆರಳಿತ್ತು. ಆದರೆ ಆ ಕಡೆಯಿಂದ ನಾವು ಬರುವ ದಾರಿ ಕಾಣುವುದಿಲ್ಲ. ನಮ್ಮನ್ನು ನೋಡಿ ಎದ್ದಳು. ಮುಂಗಾಲು ಚಾಚಿ ಮೈ ಮುರಿದಳು. ಒಬ್ಬೊಬ್ಬರನ್ನೇ ಮೂಸಿದಳು, ಬ್ರೂನೊನನ್ನು ಎರಡು ಸಲ. ಆಮೇಲೆ ತಿರುಗಿ ಊರಿನ ಕಡೆ ನಡೆದಳು. ನೆರಳು ಎಡಕ್ಕಿತ್ತು. ಅವಳು ಎಡಕ್ಕೆ ಸರಿದಳು, ನಾವೂ ಸಾಲಾಗಿ ಎಡಕ್ಕೆ ಸರಿದೆವು.